ಸೌಧದಲ್ಲಿ ಮನೆ ನೋಡಿದ್ದು

ಜನತಂತ್ರದಲ್ಲಿ ನಂಬಿಕೆಯುಳ್ಳ ಪ್ರತಿಯೊಬ್ಬ ಪ್ರಜೆಯೂ ತನ್ನ ಶಾಸನಸಭೆಯ ಭವನವನ್ನು ಬದುಕಿನಲ್ಲಿ ಒಮ್ಮೆಯಾದರೂ ಭಕ್ತಿಯಿಂದ ಪ್ರವೇಶಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಪ್ರವೇಶಿಸಿದ್ದು ಮಾತ್ರ ವರನ ನೌಕರಿ ಖರೆಯೋ ಸುಳ್ಳೋ ನೋಡಲಿಕ್ಕೆ.

ಹುಡುಗಿ ಕುಲಗೋಡದವಳು, ನನ್ನ ಅಕ್ಕನ ಮಗಳು. ಸಂಬಂಧ ಬಂದದ್ದು ಘೋಡಗೇರಿಯಿಂದ. ನಡುವೆ ನಿಂತು ಮಾತಾಡಿಸಿದ ಹಿರಿಯರು, "ಹುಡುಗ ಬೆಳಗಾವಿ ಸುವರ್ಣಸೌಧದಾಗ ಅದಾನ್ರಿ" ಎಂದಷ್ಟೇ ಹೇಳಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡುಬಿಟ್ಟರು. ಸೌಧದೊಳಗೆ ಮಂತ್ರಿಯೂ ಇರುತ್ತಾನೆ, ಪಾರಿವಾಳವೂ ಇರುತ್ತದೆ. ಅಕ್ಕನಿಗೆ ಸಂಶಯ ಹುಟ್ಟಲು ಇಷ್ಟು ಸಾಕಾಯಿತು.

"ವರ್ಷಕ್ಕೊಮ್ಮೆ ಥಂಡ್ಯಾಗ ನಾಕ ದಿನಾ ಅಧಿವೇಶನ. ಉಳದ ದಿನಾ ಅಂವ ಅಲ್ಲಿ ಏನ ಮಾಡ್ತಾನ? ಕಂಬಾ ಎಣಸ್ತಾನೇನ?"

ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿ ಬರುವುದು ನಮ್ಮ ಕಡೆಯ ಪದ್ಧತಿ. ಈ ವಿದ್ಯೆಯಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಬಳಗದವರು ತಮ್ಮ ಹುಡುಗಿಯರಿಗೂ ಅವಳನ್ನೇ ಕರೆದೊಯ್ಯುತ್ತಾರೆ. ಅವಳು ಪಡಸಾಲೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಏಕೆಂದರೆ ಅದನ್ನು ಬರುವವರಿಗಾಗಿಯೇ ಒಪ್ಪ ಮಾಡಿರುತ್ತಾರೆ. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸುತ್ತಾಳೆ. ಬಚ್ಚಲಿಗೆ ಹೋಗಿ ಬರುತ್ತಾಳೆ. ಮುಚ್ಚಿದ ಕೋಣೆ ಇದ್ದರೆ ತೆಗೆಸಿಯೇ ತೀರುತ್ತಾಳೆ. ಮನಸ್ಸಿಗೆ ಬರುವ ತನಕ ಅಲ್ಲಿಯ ಚಹಾ ಮುಟ್ಟುವುದಿಲ್ಲ. ಅವಳು ಚಹಾ ಕುಡಿದಳೆಂದರೆ ಮದುವೆ ಗಟ್ಟಿ. ಕುಡಿಯದೆ ಎದ್ದು ಬಂದ ಮನೆಗಳು ಹುಕ್ಕೇರಿ ತಾಲೂಕೊಂದರಲ್ಲೇ ಸಾಕಷ್ಟಿವೆ.

ಘೋಡಗೇರಿಯ ಮನೆಯನ್ನು ಮೊದಲೇ ನೋಡಿ ಬಂದಿದ್ದೆವು. ಕೆಡುಕೇನೂ ಸಿಗಲಿಲ್ಲ. ಅದೇ ಅವಳಿಗೆ ಕೆಡುಕಾಗಿ ಕಂಡಿತು. ಅಲ್ಲಿಯೂ ಚಹಾ ಆರಿಹೋಗಿತ್ತು.

"ಆ ಮನ್ಯಾಗ ಅಂವ ಇರೂದ ಎಲ್ಲಿ ಐತಿ? ದಿನಾ ಪೂರಾ ಇರೂದು ಸೌಧದಾಗ. ಅಂದ ಮ್ಯಾಲ ನೋಡೂ ಮನಿ ಅದು" ಎಂದು ತೀರ್ಪು ಕೊಟ್ಟಳು.

ಹೊರಡುವ ಹಿಂದಿನ ಸಂಜೆ ಹುಡುಗಿ ಗೋಕಾಕಕ್ಕೆ, ನನಗೆ, ಫೋನು ಮಾಡಿದಳು. "ಮಾಮಾ, ನನಗ ಮನಸ ಐತಿ. ಹ್ಯಾಂಗರೇ ಮಾಡಿ ಅವ್ವಗ ಚಹಾ ಕುಡಸ್ರಿ." ಹೀಗೆ ರಾಜ್ಯದ ಅತ್ಯುನ್ನತ ಸಭೆಯಲ್ಲಿ ಒಂದು ಕಪ್ ಚಹಾ ಕುಡಿಸುವ ಘನ ಹೊಣೆ ನನ್ನ ತಲೆಯ ಮೇಲೆ ಬಂತು.

ಅಕ್ಕ, ಭಾವ, ನಾನು ಮೂವರೂ ನನ್ನ ಕಾರಿನಲ್ಲಿ ಹೋದೆವು. ಬೆಳಗಾವಿ ದಾಟಿದ ಮೇಲೆ ಹೆದ್ದಾರಿಯ ಬಾಜೂ ದಿಬ್ಬದ ಮೇಲೆ ಕಟ್ಟಡ ಕಾಣಿಸಿತು. ಬಿಳಿ ಗೋಡೆ, ಸಾಲುಕಂಬ, ಮೇಲೆ ಗುಮ್ಮಟ. ಹಳೆಯ ಅರಮನೆಯ ಗತ್ತು, ಒಳಗೆ ಈ ಕಾಲದ ಕಾಂಕ್ರೀಟಿನ ಎಲುಬು. ನಾನು ಕಾರು ನಿಧಾನ ಮಾಡಿ ವಾಸ್ತುಶಿಲ್ಪದ ಕುರಿತು ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಂಡೆ.

"ಇಷ್ಟ ಕಿಡಕಿ ಅದಾವು" ಎಂದಳು ಅಕ್ಕ. "ಒಂದರೇ ತಗದೈತೇನ ನೋಡು."

ಗೇಟಿನಲ್ಲಿ ಪೊಲೀಸರೊಬ್ಬರು ಅಕ್ಕನ ಬುತ್ತಿ ಬಿಚ್ಚಿಸಿದರು. ರೊಟ್ಟಿಯ ಮೇಲೆ ಸಂಶಯ ಬರಲಿಲ್ಲ. ಶೇಂಗಾ ಚಟ್ನಿಯ ಡಬ್ಬಿಯನ್ನು ಮಾತ್ರ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಯೋಚಿಸಿದರು.

"ಏನ್ರಿ ಇದು ಪುಡಿ?"

"ಚಟ್ನಿ. ನಿಮ್ಮ ಮನ್ಯಾಗ ಮಾಡೂದಿಲ್ಲೇನ್ರಿ?"

"ಒಳಗ ಯಾರನ್ನ ಕಾಣಬೇಕಾಗಿತ್ತು?"

"ಅಂಥಾಂವ ಒಬ್ಬ ಖರೇನ ಅದಾನೋ ಇಲ್ಲೋ, ಅದನ್ನ ನೋಡಾಕ ಬಂದೇವಿ."

ಅಕ್ಕನಿಗೆ ಸರಿಸಾಟಿಯಾದ ಸಂಶಯದ ಮನುಷ್ಯ ಅಂದೇ ಮೊದಲ ಸಲ ಸಿಕ್ಕಿದ್ದು. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡರು.

ಅಷ್ಟರಲ್ಲಿ ಹುಡುಗನೇ ಓಡುತ್ತ ಬಂದ. ಕೊರಳಲ್ಲಿ ಗುರುತಿನ ಚೀಟಿ, ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ನಮ್ಮ ಪಾಸು ಮೊದಲೇ ಮಾಡಿಸಿದ್ದ. "ಬರ್ರಿ ಅವ್ವಾರ, ಮೊದಲ ಕ್ಯಾಂಟೀನ್‌ನಾಗ ಚಹಾ ತಗೊಳ್ರಿ" ಎಂದ. ನಾನು ಆಸೆಯಿಂದ ಅಕ್ಕನ ಮುಖ ನೋಡಿದೆ.

"ಚಹಾ ಆಮ್ಯಾಲ" ಎಂದಳು.

ಸಭಾಂಗಣದಲ್ಲಿ ನಾವು ನಾಲ್ಕು ಜನ ಬಿಟ್ಟರೆ ಯಾರೂ ಇರಲಿಲ್ಲ. ಮೆಟ್ಟಿಲುಮೆಟ್ಟಿಲಾಗಿ ಏರಿದ ಕುರ್ಚಿಗಳು, ಎದುರಿಗೆ ಸಭಾಧ್ಯಕ್ಷರ ಎತ್ತರದ ಪೀಠ. ನನಗೆ ಕೈ ಮುಗಿಯಬೇಕೆನಿಸಿತು. ಅಕ್ಕ ಮುಂದಿನ ಸಾಲಿನ ಮೇಜಿನ ಅಂಚಿನ ಮೇಲೆ ಬೆರಳಾಡಿಸಿ ಬೆಳಕಿಗೆ ಹಿಡಿದಳು.

"ಧೂಳ ಇಲ್ಲಲ್ಲ?"

"ದಿನಾ ಒರಸ್ತಾರ್ರಿ."

"ಯಾರೂ ಕೂಡ್ರದ ಕುರ್ಚಿ ದಿನಾ ಒರಸ್ತಾರ?" ಅವಳ ಹುಬ್ಬು ಮೇಲೇರಿತು. "ಹೋಗಲಿ, ನೀ ಏನ ಮಾಡ್ತಿ?"

"ಲೈಟ್, ಎಸಿ, ಮೈಕ್ ನೋಡ್ಕೋತೀನ್ರಿ. ಬಿಟ್ಟರ ಮೈಕ್ ಕೆಡತಾವ್ರಿ. ಅದಕ್ಕ ವಾರಕ್ಕೊಮ್ಮೆ ಒಂದೊಂದ ಕುರ್ಚಿ ಮುಂದ ನಿಂತು ಹಲೋ ಹಲೋ ಅಂತೀನ್ರಿ."

ಗೋಕಾಕ ಬಿಟ್ಟಾಗಿನಿಂದ ತುಟಿ ಬಿಚ್ಚದಿದ್ದ ಭಾವ ಆಗ ಬಾಯಿ ತೆರೆದರು. "ಹಂಗಾದ್ರ ಎಲ್ಲಾ ಪಾರ್ಟಿ ಕಡಿಂದೂ ಮಾತಾಡ್ಯಾನ."

ಅಕ್ಕ ನಗಲಿಲ್ಲ. "ನೌಕರಿ ಪರ್ಮನೆಂಟ್ ಐತೇನ?"

ಹುಡುಗ ನೆಲ ನೋಡಿದ. "ಇಲ್ರಿ. ಕಾಂಟ್ರ್ಯಾಕ್ಟ್."

ಹಿರಿಯರು ಎಲೆ ಅಡಿಕೆಯ ಹಿಂದೆ ಅಡಗಿಸಿಟ್ಟದ್ದು ಇದನ್ನೇ. ಅಕ್ಕ ಯಾವುದೋ ಮಾನ್ಯ ಸದಸ್ಯರ ಕುರ್ಚಿಯಲ್ಲಿ ಧಡ್ಡನೆ ಕುಳಿತಳು. ಹುಡುಗಿಗೆ ಏನು ಹೇಳುವುದೆಂದು ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದೆ.

"ಇಲ್ಲಿ ಕೂಡ್ರಾವ್ರದೂ ಕಾಂಟ್ರ್ಯಾಕ್ಟ್ ಐತೆಲಾ" ಎಂದರು ಭಾವ. "ಐದ ವರ್ಷದ್ದು."

"ನೀವ ಸುಮ್ನಿರ್ರಿ." ಅಕ್ಕ ಎದ್ದು ನೇರವಾಗಿ ಪೀಠದ ಹಿಂದಿನ ಮುಚ್ಚಿದ ಬಾಗಿಲ ಕಡೆ ನಡೆದಳು. "ಇದರಾಗ ಏನ ಐತಿ? ತಗಿ."

"ಅದು ತಗ್ಯಾಕ ಬರೂದಿಲ್ರಿ ಅವ್ವಾರ."

"ಕೀಲಿಕೈ ಇಲ್ಲೇನ?"

"ಐತ್ರಿ." ಗೊಂಚಲಿನಲ್ಲಿ ಆ ಕೀಲಿಕೈಯನ್ನು ಬೇರ್ಪಡಿಸಿ ತೋರಿಸಿಯೂಬಿಟ್ಟ, ಪುಣ್ಯಾತ್ಮ. "ಹೊರಗಿನವರನ್ನ ಒಳಗ ಬಿಡಾಕ ಪರವಾನಗಿ ಇಲ್ರಿ."

"ನಾ ಹೊರಗಿನಾಕಿ?"

ಹುಡುಗನ ಹಣೆಯ ಮೇಲೆ ಬೆವರು ಮೂಡಿತು. ಎಸಿಯನ್ನು ಅವನೇ ಹಾಕಿದ್ದ. ನಾನು ಪಕ್ಕಕ್ಕೆ ಕರೆದು, "ತಮ್ಮಾ, ಒಂದ ಸಲ ತಗದು ಹಾಕಿಬಿಡು, ಯಾರ ನೋಡ್ತಾರ?" ಎಂದು ಮೆಲ್ಲಗೆ ಹೇಳಿದೆ. ಜನತಂತ್ರದ ಬಗ್ಗೆ ಮೇಲೆ ಹೇಳಿದ ನನ್ನ ಅಭಿಪ್ರಾಯ ಆ ಕ್ಷಣಕ್ಕೆ ನೆನಪಾಗಲಿಲ್ಲ.

"ಬ್ಯಾಡ್ರಿ ಕಾಕಾರ" ಎಂದ. "ಸಿಟ್ಟಾಗಬ್ಯಾಡ್ರಿ. ಇದೊಂದ ಆಗೂದಿಲ್ಲ."

ಅಕ್ಕ ತಿರುಗಿ ಹೊರನಡೆದಳು. ಹೊರಗಿನ ಉದ್ದನೆಯ ಮೆಟ್ಟಿಲುಗಳನ್ನು ಅವಳ ಹಿಂದೆಯೇ ಇಳಿದೆವು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಯಾರದೆಂದು ಗೊತ್ತಿದ್ದರಿಂದ ತೆಗೆಯಲಿಲ್ಲ. ಕಾರಿನ ಹತ್ತಿರ ಬಂದು ಅಕ್ಕ ನಿಂತಳು. ಹಿಂದಿನಿಂದ ಬರುತ್ತಿದ್ದ ಹುಡುಗನನ್ನು ನೋಡಿ ಕೇಳಿದಳು:

"ಕ್ಯಾಂಟೀನ್ ಎಲ್ಲಿ ಐತಿ ಅಂದಿ?"

ಚಹಾ ಬಂತು. ಅಕ್ಕ ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಸಾವಕಾಶ, ಪೂರ್ತಿ ಕುಡಿದಳು. ಹುಡುಗ ಬಿಲ್ಲು ಕೊಡಲು ಎದ್ದಾಗ ನನ್ನ ಕಡೆ ಬಾಗಿದಳು.

"ಸುಳ್ಳ ಹೇಳಾಂವ ಆಗಿದ್ರ ಕೀಲಿಕೈ ಇಲ್ಲ ಅಂತಿದ್ದ. ನಮಗೇನ ಗೊತ್ತಾಕ್ಕಿತ್ತು? ಕಾಂಟ್ರ್ಯಾಕ್ಟ್ ಅನ್ನೂದೂ ಮುಚ್ಚಿಡಲಿಲ್ಲ."

"ಖರೆ" ಎಂದೆ, ಆದಷ್ಟು ಗಂಭೀರವಾಗಿ.

"ನೀನ ಕಿವ್ಯಾಗ ಏನೋ ಊದಿದಿ. ಅದಕ್ಕೂ ಬಗ್ಗಲಿಲ್ಲ." ಬಸಿಯನ್ನು ಕೆಳಗಿಟ್ಟಳು. ಮತ್ತೆ ಕಟ್ಟಡದ ಕಡೆ ನೋಡಿ ಕಣ್ಣು ಕಿರಿದು ಮಾಡಿದಳು. "ಆದ್ರೂ ಆ ಖೋಲ್ಯಾಗ ಏನೋ ಐತಿ."

ಮುಂದಿನ ಬೇಸಿಗೆಯಲ್ಲಿ ಮೂಡಲಗಿಯಲ್ಲಿ ಮದುವೆಯಾಯಿತು. ನೌಕರಿ ಇನ್ನೂ ಕಾಂಟ್ರ್ಯಾಕ್ಟ್ ಮೇಲೆಯೇ ಇದೆ.