ಅಮ್ಮನ ಚುಕ್ಕಿಗಳ ಮೇಲೆ ಎರಡು ಗೆರೆ

ಎದುರು ಫ್ಲ್ಯಾಟಿನ ಗಣಿತದ ಟೀಚರ್‌ಗೆ ಯಾವ ಬಾಡಿಗೆ ವಿಷಯ ಕಿವಿಗೆ ಬಿದ್ದರೂ ಒಂದೇ ಪ್ರಶ್ನೆ: "ಶುರು ಎಲ್ಲಿಂದ? ಅಪ್ಪುರಂ, ಆಮೇಲೆ, ದಿನಕ್ಕೆಷ್ಟು ಏರತ್ತೆ?"

ವೆಸ್ಟ್ ಮಾಂಬಲಂನ ನಮ್ಮ ಮನೆ ಬಾಗಿಲಲ್ಲಿ ರಂಗೋಲಿಗೆ ಚುಕ್ಕಿ ಇಡುತ್ತಲೇ ಅಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಆಸ್ಪತ್ರೆ ಮಂಚ ಬಾಡಿಗೆಗೆ ಬೇಕಿತ್ತು. ಒಂದು ಅಂಗಡಿಯಲ್ಲಿ ಸಾಗಾಟಕ್ಕೆ ಮೊದಲೇ ದೊಡ್ಡ ಮೊತ್ತ, ದಿನದ ಬಾಡಿಗೆ ಕಮ್ಮಿ. ಇನ್ನೊಂದರಲ್ಲಿ ಸಾಗಾಟ ಪುಕ್ಕಟೆ, ದಿನದ ಬಾಡಿಗೆ ಜಾಸ್ತಿ.

ಟೀಚರ್ ಬಾಗಿಲಲ್ಲೇ ಕೂತು, ಯಾರೂ ಗುಡಿಸದೆ ಉಳಿದಿದ್ದ ಅಮ್ಮನ ಚುಕ್ಕಿಗಳನ್ನೇ ದಿನಗಳೆಂದುಕೊಂಡು ರಂಗೋಲಿ ಪುಡಿಯಲ್ಲಿ ಅಂಗಡಿಗೊಂದರಂತೆ ಒಟ್ಟು ಖರ್ಚಿನ ಎರಡು ಗೆರೆ ಎಳೆದರು. ಹದಿನೈದನೇ ಚುಕ್ಕಿಯ ಮೇಲೆ ಎರಡೂ ಸೇರಿದವು.

"ಅದಕ್ಕೆ ಮುಂಚೆ ಅಮ್ಮ ಎದ್ದರೆ ಎರಡನೇ ಅಂಗಡಿ ಲಾಭ. ಯಾವಾಗ ಏಳ್ತಾರೆ?"

ನನಗೆ ಅಮ್ಮ ಮತ್ತೆ ಏಳುತ್ತಾಳೆಂಬ ಧೈರ್ಯವೇ ಇರಲಿಲ್ಲ. ಟೀಚರ್ ನನ್ನ ಮುಖ ನೋಡಿ, ಮೊದಲನೇ ಅಂಗಡಿಯ ಗೆರೆಯನ್ನು ಅಂಗೈಯಿಂದ ಒರೆಸಿಬಿಟ್ಟರು.

"ಎರಡನೇದಕ್ಕೆ ಫೋನ್ ಮಾಡು."

ಗೆರೆಗಳು ಸೇರುವ ದಿನಕ್ಕೆ ಮುಂಚೆಯೇ ಮಂಚ ವಾಪಸ್ ಹೋಯಿತು. ವಾಕರ್ ಹಿಡಿದು ಬಾಗಿಲಿಗೆ ಬಂದ ಅಮ್ಮ ಗದರಿದಳು: "ನನ್ನ ಚುಕ್ಕಿ ಮೇಲೆ ಯಾರ್ರೀ ಸೊಟ್ಟ ಗೆರೆ ಎಳೆದಿದ್ದು?"

ಟೀಚರ್ ರಂಗೋಲಿ ಡಬ್ಬಿ ಹಿಡಿದು ಕೆಳಗೆ ಕೂತರು. "ಶುರು ಎಲ್ಲಿಂದ, ನೀವೇ ಹೇಳಿ."

ಅಮ್ಮ ವಾಕರ್‌ನ ಕಾಲಿನಿಂದ ಒಂದು ಚುಕ್ಕಿ ತೋರಿಸಿದಳು.