ನೀಲಕ್ಕನ ಮನೆಯ ಒಂದು ನಿಮಿಷ

ಯಾರಾದರೂ ದೆವ್ವದ ಕಥೆ ತೆಗೆದರೆ, "ಮೊದಲು ಚಹಾ ಹೇಳ್ರಿ, ಆಮೇಲೆ ಹೆದರಿಸ್ರಿ" ಎನ್ನುವ ಆಸಾಮಿ ನಾನು. ದಾವಣಗೆರೆಯ ಒಂದು ಪುಟ್ಟ ಸಮುದಾಯ ರೇಡಿಯೋದಲ್ಲಿ ಧ್ವನಿಮುದ್ರಣ ನನ್ನ ಕೆಲಸ. ಯಂತ್ರ ಕೇಳಿದ್ದಷ್ಟೇ ನಿಜ ಎಂದು ನಂಬಿದ್ದವನು. ಈಗ ಯಂತ್ರದ ಮೇಲೂ ನಂಬಿಕೆ ಹೋಗಿದೆ. ನಗುವುದಿದ್ದರೆ ನಗಿ, ಆದರೆ ಪೂರ್ತಿ ಓದಿ ನಗಿ.

ನೀಲಕ್ಕ ಎಂದರೆ ಒಂದು ಕಾಲಕ್ಕೆ ನಮ್ಮ ಕಡೆ ಗೊತ್ತಿಲ್ಲದವರಿರಲಿಲ್ಲ. ಹಳ್ಳಿಯ ಹೆಂಗಸರ ಮಾತನ್ನು ಆಗಿನ ಸರ್ಕಾರಿ ರೇಡಿಯೋದಲ್ಲಿ ಮೊದಲು ಕೇಳಿಸಿದವರು ಅವರೇ. ಮಣಭಾರದ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಮಾಯಕೊಂಡ, ಕೊಕ್ಕನೂರು ಅಂತ ಬಸ್ಸಿನಲ್ಲಿ ಸುತ್ತುತ್ತಿದ್ದರು. ಹಳ್ಳಿ ಭಾಷೆ ಬೇಡವೆಂದ ಮೇಲಧಿಕಾರಿಗೆ, "ಅಡುಗೆಮನ್ಯಾಗ ನಡಿಯೋ ಮಾತು ರೇಡಿಯೋದಾಗ ಯಾಕ ನಡಿಯಲ್ರಿ?" ಎಂದು ಕೇಳಿದ ಗಟ್ಟಿಗಿತ್ತಿ. ಪ್ರತಿ ಸಂಜೆ ಕಾರ್ಯಕ್ರಮ ಮುಗಿಸುವಾಗ, "ಒಲೆ ಆರ್ಸಿದ್ರಾ? ಇನ್ನ ಒಂಚೂರು ಕಾಲು ಚಾಚ್ರಿ" ಎನ್ನುತ್ತಿದ್ದರು.

ಅವರ ಬಗ್ಗೆ ಕಾರ್ಯಕ್ರಮ ಮಾಡಲು ಹೊರಟರೆ ಅವರ ದನಿಯೇ ಎಲ್ಲೂ ಇಲ್ಲ! ಆಗ ಟೇಪಿನ ಕೊರತೆ. ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೇ ಮತ್ತೊಂದನ್ನು ತುಂಬುವುದು ರೂಢಿ. ಹಳ್ಳಿಯವರ ಮಾತಿಗೆ ಜಾಗ ಬೇಕೆಂದು ನೀಲಕ್ಕ ತಮ್ಮ ದನಿಯನ್ನು ಕೈಯಾರೆ ಅಳಿಸಿದ್ದರು. ಮುಂದೆ ಗಂಟಲಿನ ಆಪರೇಷನ್ ಆಗಿ ಮಾತೇ ನಿಂತಿತು. ಅವರ ಯಜಮಾನರು ರುದ್ರಪ್ಪ ಮೇಷ್ಟ್ರಿಗೆ ಕಣ್ಣು ಹೋಯಿತು. ಆಕೆ ಅವರ ಅಂಗೈ ಒತ್ತಿದರೆ ಹೂಂ, ಚಿವುಟಿದರೆ ಊಹೂಂ. ಗಂಡಹೆಂಡಿರ ಮಾತುಕತೆ ಅಷ್ಟೇ.

ಹರಿಹರದ ಅವರ ಮನೆಗೆ ಹೋದಾಗ, ನೀಲಕ್ಕ ಪಕ್ಕದಲ್ಲಿ ಕೂತಿದ್ದಂತೆಯೇ, ಮೇಷ್ಟ್ರು ನನ್ನ ಕೈ ಹಿಡಿದು, "ಆಕಿ ದನಿ ಹೆಂಗಿತ್ತು ಅನ್ನೋದೇ ಮರ್ತು ಹೋಗ್ತಾ ಐತ್ರಿ. ಒಂದ್ಸಲ ಕೇಳಸ್ರಿ, ಸಾಕು" ಎಂದರು. ಕೇಳಿಸಲು ನನ್ನ ಬಳಿ ಏನಿತ್ತು?

ಮೇಷ್ಟ್ರ ಮಾತು ಮುದ್ರಿಸಿಕೊಂಡೆ. ಹೊರಡುವ ಮುನ್ನ, ನಮ್ಮ ಕೆಲಸದ ಪದ್ಧತಿಯಂತೆ, ಆ ಕೋಣೆಯ ಒಂದು ನಿಮಿಷದ ಮೌನವನ್ನೂ ಮುದ್ರಿಸಿದೆ. ಮಾತು ಕತ್ತರಿಸಿ ಜೋಡಿಸುವಾಗ ಸಂದಿಗೆ ತುಂಬಲು ಅದು ಬೇಕಾಗುತ್ತದೆ. ಮೂವರೂ ಉಸಿರು ಬಿಗಿಹಿಡಿದು ಕೂತೆವು. ನಾನು ನೀಲಕ್ಕನನ್ನೇ ನೋಡುತ್ತಿದ್ದೆ, ಅವರ ತುಟಿ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಆ ಮೌನವನ್ನು ಹಾಕಿದೆ. ಫ್ಯಾನಿನ ಸದ್ದು. ದೂರದಲ್ಲಿ ಸೇತುವೆಯ ಮೇಲೆ ಲಾರಿ. ಆಮೇಲೆ, ಕಿವಿಯ ಪಕ್ಕದಲ್ಲೇ ಎಂಬಂತೆ, ಒಂದು ಹೆಣ್ಣು ದನಿ: "ಒಲೆ ಆರ್ಸಿದ್ರಾ?"

ಅಯ್ಯೋ ಶಿವನೇ! ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದೆ. ಮತ್ತೊಮ್ಮೆ ಕೇಳುವ ಧೈರ್ಯವಾಗಲಿಲ್ಲ. ನೆಟ್ಟಗೆ ಹರಿಹರದ ಬಸ್ ಹತ್ತಿದೆ.

ದನಿ ಸಿಕ್ಕಿದೆ ಎಂದಷ್ಟೇ ಹೇಳಿದೆ. ಅದು ಏನಂದಿತು ಎಂದು ಹೇಳಲಿಲ್ಲ. ಇಬ್ಬರನ್ನೂ ಕೂರಿಸಿ, ಸ್ಪೀಕರಿನಲ್ಲಿ ಆ ಮೌನವನ್ನು ಹಾಕಿದೆ. ಫ್ಯಾನು, ಲಾರಿ, ಅಷ್ಟೇ. ನಿಮಿಷ ಮುಗಿಯುತ್ತಾ ಬಂದರೂ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಮೇಷ್ಟ್ರ ಮುಖ ಅರಳಿತು.

"ಹ್ಞೂಂ, ಆರ್ಸೀನಿ ನೀಲಾ" ಎಂದರು. ಕಣ್ಣಲ್ಲಿ ನೀರು ಧಾರೆ.

ಮೇಷ್ಟ್ರು ನನ್ನ ಕಡೆ ತಿರುಗಿ, "ನೀವೂ ಕೇಳಿದ್ರಲ್ರಿ?" ಎಂದರು.

"ಕೇಳಿದೆ ರೀ" ಎಂದೆ.

ನೀಲಕ್ಕನ ಮುಖ ಬಿಳಿಚಿಕೊಂಡಿತ್ತು. ಕೈ ಚಾಚಿ ನನ್ನ ಅಂಗೈ ಹಿಡಿದರು. ಒತ್ತುತ್ತಾರೆ ಅಂದುಕೊಂಡೆ. ಚಿವುಟಿದರು, ನೋಯುವಷ್ಟು ಜೋರಾಗಿ. ನಾನು ಸುಳ್ಳು ಹೇಳಿದೆ ಎಂದೋ, ಅದನ್ನು ಮತ್ತೆ ಹಾಕಬೇಡ ಎಂದೋ, ಇವತ್ತಿಗೂ ನನಗೆ ತಿಳಿದಿಲ್ಲ.