ಇನ್ನೊಂದು ಪೊಟ್ಟಣ ಕಟ್ಟು

ಲಂಡನ್ನಿನ ಅಂಚಿನ ಪಿನ್ನರ್‌ನ ನಮ್ಮ ಅಡುಗೆಮನೆಯಲ್ಲಿ ಈಗಷ್ಟೇ ಎಳ್ಳು ಹುರಿದೆ. ಘಮ ಏಳುತ್ತಲೇ ಒಂಬತ್ತು ವರ್ಷದ ಹಿಂದಿನ ಸಂಕ್ರಾಂತಿ ನೆನಪಾಗಿ ಒಬ್ಬಳೇ ನಕ್ಕೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಆಗ ಮಗಳು ಅನುಗೆ ಹದಿಮೂರು. ಸೋಮವಾರ ವಿಜ್ಞಾನದ ಪರೀಕ್ಷೆ; ಎಡವಿದರೆ ಮೇಲಿನ ಸೆಟ್‌ನಿಂದ ಕೆಳಗಿನ ಸೆಟ್‌ಗೆ. ಇಲ್ಲಿನ ಶಾಲೆಗಳಲ್ಲಿ ಅಂಕ ನೋಡಿ ಮಕ್ಕಳನ್ನು ಹಾಗೆ ಬೇರೆ ಬೇರೆ ಗುಂಪಾಗಿ ಕೂರಿಸುತ್ತಾರೆ. ಗೆಳತಿಯರೆಲ್ಲ ಮೇಲೆ, ತಾನೊಬ್ಬಳು ಕೆಳಗೆ ಆಗಿಬಿಟ್ಟರೆ ಎಂದು ಹುಡುಗಿ ಊಟ ಬಿಟ್ಟಿದ್ದಳು. ಕಾಡುತ್ತಿದ್ದದ್ದು ರಾಸಾಯನಿಕ ಸಮೀಕರಣ. ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗಬೇಕು, ಎರಡೂ ಕಡೆ ಪರಮಾಣುಗಳು ಸಮ ಇರಬೇಕು. ಎಡಗಡೆ ಆಕ್ಸಿಜನ್ ಎರಡು, ನೀರಿನಲ್ಲೋ ಒಂದೇ.

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು, ಡಾಕ್ಟರ್ ಗಂಡನಿಗೂ ಅದನ್ನು ಆಗಾಗ ನೆನಪಿಸುತ್ತಿರುತ್ತೇನೆ. "ಇಷ್ಟೇನಾ?" ಎಂದು ಪೆನ್ಸಿಲ್ ಕಿತ್ತುಕೊಂಡು ನೀರಿನ ಸೂತ್ರದ ಕೊನೆಗೆ ಪುಟ್ಟದಾಗಿ ಎರಡು ಸೇರಿಸಿದೆ. H₂O₂. ಸಮ ಆಯಿತಲ್ಲ! ಮರುದಿನ ಪುಸ್ತಕದಲ್ಲಿ ಟೀಚರ್ ಬರೆದು ಕಳಿಸಿದ್ದರು: ಇದು ನೀರಲ್ಲ, ಕೂದಲಿನ ಬ್ಲೀಚ್, ದಯವಿಟ್ಟು ಕುಡಿಯಬೇಡ. ಎರಡು ದಿನ ಅನು ನನ್ನ ಹತ್ತಿರ ಮಾತಾಡಲಿಲ್ಲ.

ಶನಿವಾರ ಎಳ್ಳು ಬೀರಲು ಪೊಟ್ಟಣ ಕಟ್ಟುವ ಕೆಲಸ. ಊರಿಂದ ಬಂದಿದ್ದ ಅತ್ತೆ ಮೇಜಿನ ತುದಿಯಲ್ಲಿ ಅಧಿಕಾರ ವಹಿಸಿದ್ದರು. ಪ್ರತಿ ಪೊಟ್ಟಣಕ್ಕೂ ಎಳ್ಳಿನ ಜೊತೆ ಎರಡು ಸಕ್ಕರೆ ಅಚ್ಚು, ಒಂದು ಕಬ್ಬಿನ ತುಂಡು. ಕ್ವೀನ್ಸ್‌ಬರಿಯ ಅಂಗಡಿಯವನು ಕಬ್ಬು ಕೊಡುವುದೇ ಎರಡೆರಡರ ಪ್ಯಾಕೆಟ್‌ನಲ್ಲಿ. ಕೊನೆಯ ಪೊಟ್ಟಣದ ಹೊತ್ತಿಗೆ ಒಂದು ತುಂಡು ಉಳಿಯಿತು.

"ಅಜ್ಜಿ, ಒನ್ ಎಕ್ಸ್‌ಟ್ರಾ. ಇದರಲ್ಲೇ ಹಾಕ್ಲಾ?"

"ಬೇಡ ಪುಟ್ಟಿ. ಅವರಿಗೆ ಒಂದು, ಇವರಿಗೆ ಎರಡು ಅಂದ್ರೆ ಚೆನ್ನಾಗಿರತ್ತಾ? ಪೊಟ್ಟಣದೊಳಗೆ ಕೈ ಹಾಕ್ಬೇಡ. ಇನ್ನೆರಡು ಅಚ್ಚು ತಗೊಂಡು ಇನ್ನೊಂದು ಪೊಟ್ಟಣ ಕಟ್ಟು."

ಅನು ಕೈಯಲ್ಲಿದ್ದ ಕಬ್ಬನ್ನೊಮ್ಮೆ, ಕಟ್ಟಿಟ್ಟ ಪೊಟ್ಟಣವನ್ನೊಮ್ಮೆ ನೋಡಿದಳು. ಆಮೇಲೆ ಕಿರುಚಿದಳು: "ಅಮ್ಮಾ! ಯು ಡೋಂಟ್ ಚೇಂಜ್ ದ ಪ್ಯಾಕೆಟ್. ಯು ಮೇಕ್ ಅನದರ್ ಒನ್!"

ಪುಸ್ತಕಕ್ಕೆ ಓಡಿದಳು. ನೀರಿನ ಮುಂದೆ ದೊಡ್ಡದಾಗಿ ಎರಡು. ಹೈಡ್ರೋಜನ್ ಮುಂದೆಯೂ ಎರಡು. ಸೂತ್ರಗಳ ಒಳಗೆ ಏನನ್ನೂ ಮುಟ್ಟಲಿಲ್ಲ. ಆ ಸಂಜೆ ಇಪ್ಪತ್ತು ಸಮೀಕರಣ ಮಾಡಿ, ಮೂರು ಚಪಾತಿ ತಿಂದಳು. ಸೋಮವಾರದ ಪರೀಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ. ಮೇಲಿನ ಸೆಟ್‌ನಲ್ಲೇ ಉಳಿದಳು ಎಂದು ಕೇಳಿ ನಾನು ಅತ್ತೆಯನ್ನು ತಬ್ಬಿಕೊಂಡು ಅತ್ತೆ. ಅವರಿಗೆ ತಾವು ಮಾಡಿದ್ದೇನು ಎಂಬುದು ಇವತ್ತಿಗೂ ಗೊತ್ತಿಲ್ಲ.

ಈಗ ಅನು ತಾನು ಓದಿದ ಅದೇ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಲು ತರಬೇತಿ ಪಡೆಯುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ, ನಾನು ಕೇಳದೆಯೇ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಸೋಮವಾರ ನನ್ನ ಮೊದಲನೇ ಪಾಠ. ಮಕ್ಕಳಿಗೆ ಮೂವತ್ತು ಪೊಟ್ಟಣ ಬೇಕು. ಬ್ಲೀಚ್ ಟೀಚರ್‌ಗೂ ಒಂದು ಸೇರಿಸು, ಇನ್ನೂ ಇಲ್ಲೇ ಇದ್ದಾರೆ."

ನಿಮಗೆ ಇದನ್ನೆಲ್ಲ ಹೇಳುತ್ತಲೇ ಮೂವತ್ತೊಂದೂ ಕಟ್ಟಿ ಮುಗಿಸಿದೆ. ಒಂದು ತುಂಡು ಕಬ್ಬು ಉಳಿಯಿತು. ಪೆನ್ಸಿಲ್ ಹುಡುಕಲಿಲ್ಲ. ಇನ್ನೆರಡು ಅಚ್ಚು ತೆಗೆದುಕೊಂಡು ಇನ್ನೊಂದು ಪೊಟ್ಟಣ ಕಟ್ಟಿದೆ, ಬಿ.ಎಸ್ಸಿ. ಮಾಡಿದವಳಿಗೆ.